ರೇಷ್ಮೆ ಹುಳು ಮನೆಯ ಘಾಟು: ಕಿಟಕಿ ಮುಚ್ಚಬೇಕೋ, ತೆರೆಯಬೇಕೋ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಒಣ ಬಿಸಿಲಿನಲ್ಲಿ ರೇಷ್ಮೆ ಮಾಡುವವರಿಗೆ ಒಂದು ಇಕ್ಕಟ್ಟು ಇದ್ದೇ ಇದೆ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ಆಸುಪಾಸು. ಕಿಟಕಿ ತೆರೆದರೆ ಬಿಸಿಗಾಳಿ ನುಗ್ಗಿ ಸೊಪ್ಪು ಬಾಡುತ್ತದೆ, ಊಜಿ ನೊಣದ ಭಯ ಬೇರೆ. ಮುಚ್ಚಿದರೆ ಒಳಗೆ ಕಣ್ಣುರಿಸುವ ಘಾಟು. 'ಹುಳು ಮನೆ ಅಂದ ಮೇಲೆ ವಾಸನೆ ಇರೋದೇ' ಎಂದು ಸುಮ್ಮನಾಗುವವರಿದ್ದಾರೆ. ಹಸಿ ಸೊಪ್ಪಿನ ವಾಸನೆ ಇರುವುದು ಸಹಜ, ನಿಜ. ಆದರೆ ಕಣ್ಣು, ಮೂಗು ಉರಿಸುವುದು ಅಮೋನಿಯಾ, ಅದು ಇರಬಾರದ್ದು.

ಅದು ಬರುವುದು ಎಲ್ಲಿಂದ? ಹುಳುವಿನ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಒಣಗಿದ್ದರೆ ಅದು ತನ್ನ ಪಾಡಿಗೆ ಇರುತ್ತದೆ. ತೇವ ಸಿಕ್ಕಿದರೆ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಹಿಪ್ಪುನೇರಳೆ ಸೊಪ್ಪಿನ ತೂಕದಲ್ಲಿ ಸುಮಾರು 70 ಭಾಗ ನೀರೇ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಐದನೇ ಹಂತದಲ್ಲಿ, ಇಡೀ ಬೆಳೆಗೆ ಬೇಕಾದ ಸೊಪ್ಪಿನ 80 ಭಾಗಕ್ಕಿಂತ ಹೆಚ್ಚನ್ನು ಹುಳುಗಳು ಒಂದೇ ವಾರದಲ್ಲಿ ತಿಂದು ಮುಗಿಸುತ್ತವೆ. ಆ ನೀರೆಲ್ಲ ಹಾಸಿಗೆಗೂ ಗಾಳಿಗೂ ಸೇರಬೇಕು. ಚಾಕಿ ಹುಳುವಿಗೆ 27-28 ಡಿಗ್ರಿ ಶಾಖ, 85-90 ಭಾಗ ತೇವ ಒಳ್ಳೆಯದು; ಐದನೇ ಹಂತಕ್ಕೆ 24 ಡಿಗ್ರಿ, 65-70 ಭಾಗ ತೇವ ಸಾಕು. ಚಾಕಿ ಕಾಲದಲ್ಲಿ ಕಿಟಕಿ ಮುಚ್ಚಿಟ್ಟು ಗೆದ್ದ ಅಭ್ಯಾಸವನ್ನೇ ದೊಡ್ಡ ಹುಳುವಿಗೂ ಮುಂದುವರಿಸಿದರೆ ಹಾಸಿಗೆ ಕೊಳೆಯುತ್ತದೆ. ಸಪ್ಪೆ ರೋಗಕ್ಕೆ ದಾರಿ ಮಾಡುವುದು ಇಂಥ ಬಿಸಿ, ತೇವ, ಉಸಿರುಗಟ್ಟಿದ ಮನೆಯೇ.

'ಗಾಳಿ ಬಡಿದರೆ ಹುಳು ಕೆಡುತ್ತದೆ' ಎಂಬುದು ಅರ್ಧ ಸತ್ಯ. ಚಾಕಿ ಹುಳುವಿಗೂ ಜ್ವರದಲ್ಲಿರುವ ಹುಳುವಿಗೂ ಬಿರುಗಾಳಿ ಬೇಡ. ಐದನೇ ಹಂತದಲ್ಲಿ ಮಾತ್ರ ಸೆಕೆಂಡಿಗೆ ಸುಮಾರು 1 ಮೀಟರ್ ವೇಗದ ಗಾಳಿ ಆಡಿದರೆ ಹುಳು ಸಾಯುವುದು ಕಡಿಮೆಯಾಗುತ್ತದೆ, ಸೊಪ್ಪು ಚೆನ್ನಾಗಿ ಜೀರ್ಣವಾಗುತ್ತದೆ, ಗೂಡಿನ ತೂಕವೂ ಹೆಚ್ಚುತ್ತದೆ ಎಂದು ರೇಷ್ಮೆ ಕೈಪಿಡಿಗಳೇ ಹೇಳುತ್ತವೆ. ಹಸಿ ಗೋಣಿತಾಟು ಕಟ್ಟಿ ತಂಪು ಮಾಡುವುದಕ್ಕೂ ಗಾಳಿ ಬೇಕು. ನೀರು ಆವಿಯಾದರೆ ತಾನೇ ತಂಪು? ಎಲ್ಲ ಮುಚ್ಚಿ ತಾಟು ನೆನೆಸಿದರೆ ಸಿಗುವುದು ಬರೀ ಬೆವರು.

ಬಿಸಿಗಾಳಿ ಮೇಲೇರುತ್ತದೆ. ಹಾಗಾಗಿ ಸೂರಿನ ಕೆಳಗೆ ಗವಾಕ್ಷಿ ಅಥವಾ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯಲ್ಲಿ ಕೆಳಗೆ ಗಾಳಿ ಬರುವ ಕಿಂಡಿ ಇರಬೇಕು. ಫ್ಯಾನಿನ ಪಕ್ಕದ ಬಾಗಿಲನ್ನೇ ತೆರೆದಿಟ್ಟರೆ ಅಲ್ಲಿಂದ ಬಂದ ಗಾಳಿ ಅಲ್ಲಿಯೇ ಹೊರಟುಹೋಗುತ್ತದೆ, ನಡುವಿನ ಹುಳುವಿಗೆ ಏನೂ ಸಿಗದು. ಲೆಕ್ಕ ಹಾಕುವುದು ಸುಲಭ: 10 ಮೀಟರ್ ಉದ್ದ, 6 ಮೀಟರ್ ಅಗಲ, 4 ಮೀಟರ್ ಎತ್ತರದ ಮನೆಯಲ್ಲಿ 240 ಘನ ಮೀಟರ್ ಗಾಳಿ. ನಿಮಿಷಕ್ಕೆ 40 ಘನ ಮೀಟರ್ ಎಳೆಯುವ ಫ್ಯಾನ್ ಅಷ್ಟನ್ನು ಬದಲಿಸಲು 6 ನಿಮಿಷ ಬೇಕು. ಊಜಿ ತಡೆಯುವ ನೈಲಾನ್ ಪರದೆ ಇದ್ದರೆ ಇನ್ನೂ ಹೆಚ್ಚು, ಪರದೆಗೆ ಧೂಳು ಕೂತಿದ್ದರೆ ಮತ್ತೂ ಹೆಚ್ಚು. ಪರದೆ ತೆಗೆಯುವುದು ಪರಿಹಾರವಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಹುಳುವಿನ ಮೈಮೇಲೆಯೇ ಮೊಟ್ಟೆ ಇಡುತ್ತದೆ. ಪರದೆ ತೊಳೆಯಿರಿ, ಕಿಂಡಿ ದೊಡ್ಡದು ಮಾಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ನಡು ಮಧ್ಯಾಹ್ನ ಕಿಟಕಿ ಅರೆ ಮುಚ್ಚಿ, ಸಂಜೆಯಿಂದ ಬೆಳಗಿನವರೆಗೆ ಪೂರ್ತಿ ತೆರೆಯುವುದು ವಾಸಿ.

ವಾಸನೆ ಮುಚ್ಚಲು ಮಾಡುವ ಕೆಲವು ಕೆಲಸಗಳು ವಾಸನೆಗಿಂತ ಕೆಟ್ಟವು. ಹಸಿ ಹಾಸಿಗೆಯ ಮೇಲೆ ಸುಣ್ಣ ಸುರಿದರೆ ಘಾಟು ಕೂಡಲೇ ಏರುತ್ತದೆ, ಏಕೆಂದರೆ ಸುಣ್ಣ ಕ್ಷಾರ. ತೇವದಲ್ಲಿ ಅಡಗಿದ್ದ ಅಮೋನಿಯಾವನ್ನು ಅದು ಅನಿಲವಾಗಿ ಹೊರಹಾಕುತ್ತದೆ. ಜ್ವರದ ಹೊತ್ತಿಗೆ ಹಾಸಿಗೆ ಒಣಗಲೆಂದು ತೆಳ್ಳಗೆ ಉದುರಿಸುವ ಸುಣ್ಣದ ಮಾತು ಬೇರೆ. ಕೊಳೆತ ಹಾಸಿಗೆಯ ಮೇಲೆ ಬ್ಲೀಚಿಂಗ್ ಪೌಡರ್ ಎರಚಬೇಡಿ. ಅಮೋನಿಯಾ ಸೇರಿದರೆ ಕ್ಲೋರಮೈನ್ ಎಂಬ ವಿಷ ಅನಿಲ ಹುಟ್ಟಿ ನಿಮ್ಮ ಶ್ವಾಸಕೋಶಕ್ಕೇ ಪೆಟ್ಟು. ಮೊದಲು ಹಾಸಿಗೆ ತೆಗೆದು ದೂರದ ತಿಪ್ಪೆಗೆ ಹಾಕಿ, ಆಮೇಲೆ ಸೋಂಕು ನಿವಾರಣೆ. ಸೊಳ್ಳೆ ಬತ್ತಿಯನ್ನಂತೂ ಹುಳು ಮನೆಯ ಹತ್ತಿರಕ್ಕೂ ತರಬಾರದು. ಅದರಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕ, ರೇಷ್ಮೆ ಹುಳುವೂ ಕೀಟವೇ.

ಮೂಗನ್ನು ಪೂರ್ತಿ ನಂಬುವಂತೆಯೂ ಇಲ್ಲ. ಒಳಗೇ ಓಡಾಡುತ್ತಿದ್ದರೆ ಕೆಲವು ನಿಮಿಷಗಳಲ್ಲಿ ಮೂಗು ಘಾಟಿಗೆ ಒಗ್ಗಿಕೊಳ್ಳುತ್ತದೆ. ಬೆಳಿಗ್ಗೆ ಹೊರಗಿಂದ ಬಂದು ಬಾಗಿಲು ತೆರೆದ ಮೊದಲ ಉಸಿರೇ ಸರಿಯಾದ ಪರೀಕ್ಷೆ, ಅದೂ ಹಾಸಿಗೆಯ ಮಟ್ಟಕ್ಕೆ ಬಗ್ಗಿ. ವಾಸನೆಯೇ ಇಲ್ಲದ ಅಪಾಯ ಇನ್ನೊಂದಿದೆ: ಡಿಸೆಂಬರ್-ಜನವರಿಯ ಚಳಿಗೆ ಇದ್ದಿಲ ಒಲೆ ಇಟ್ಟು ಕಿಟಕಿ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ರಾತ್ರಿ ಸೊಪ್ಪು ಹಾಕಿ ಅಲ್ಲಿಯೇ ಮಲಗುವವರು ಏಳದೇ ಹೋಗಬಹುದು. ಕೆಂಡ ಪೂರ್ತಿ ಕೆಂಪಗಾಗುವವರೆಗೆ ಒಲೆ ಹೊರಗಿರಲಿ, ಒಳಗೆ ತಂದ ಮೇಲೂ ಗವಾಕ್ಷಿ ತೆರೆದಿರಲಿ, ಮಲಗುವುದು ಬೇರೆ ಕೋಣೆಯಲ್ಲಿ.

ಹಣ್ಣಾದ ಹುಳುಗಳನ್ನು ಚಂದ್ರಂಕಿಗೆ ಬಿಟ್ಟ ದಿನ ಕಿಟಕಿ ಮುಚ್ಚುವವರೂ ಇದ್ದಾರೆ. ಗೂಡು ಕಟ್ಟುವ ಮುನ್ನ ಹುಳು ಹೊಟ್ಟೆಯಲ್ಲಿದ್ದ ಹಿಕ್ಕೆ, ಮೂತ್ರವನ್ನೆಲ್ಲ ಒಮ್ಮೆಗೇ ಹೊರಹಾಕುತ್ತದೆ. ಆ ತೇವ ಹೊರಹೋಗದಿದ್ದರೆ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಅಂಟಿ, ನೂಲು ಬಿಚ್ಚುವಾಗ ತುಂಡಾಗುತ್ತವೆ. ಮಾರುಕಟ್ಟೆಯಲ್ಲಿ ಆ ಗೂಡಿಗೆ ಬೆಲೆ ಇಳಿಯುತ್ತದೆ.