ಬೇನೆಗೆ ಕರೆ ಕೊಡುವುದು ಯಾರು?

ದಿನ ತುಂಬಿದ ಬಸುರಿಯ ಮನೆಯಲ್ಲಿ ಎಲ್ಲರೂ ಕಾಯುತ್ತಿರುತ್ತಾರೆ. ಆದರೆ ಕಾಯುವವರು ಹೊರಗಿರುವ ನಾವು ಮಾತ್ರ! ಒಳಗೆ ಆ ಕೊನೆಯ ವಾರಗಳಲ್ಲಿ ಒಂದು ಗಳಿಗೆಯೂ ಬಿಡುವಿಲ್ಲ. ಅಲ್ಲಿ ನಡೆಯುವುದನ್ನು ಓದುತ್ತ ಹೋದಂತೆ ಮೈ ಜುಮ್ಮೆಂದಿತು. ಎಲ್ಲಕ್ಕಿಂತ ಬೆರಗಿನ ಸಂಗತಿ ಇದು: ಬೇನೆ ಶುರುವಾಗಲು ಬೇಕಾದ ಸೂಚನೆಯಲ್ಲಿ ಮಗುವಿನದೂ ಪಾಲಿದೆ!

1960ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗ್ಗಿನ್ಸ್ ಎಂಬ ಪ್ರಸೂತಿ ವೈದ್ಯರು ಬೇನೆ ಶುರುಮಾಡುವುದು ಯಾವುದೆಂದು ಹುಡುಕುತ್ತ ಕುರಿಗಳ ಬೆನ್ನು ಹತ್ತಿದರು. ಗರ್ಭದಲ್ಲಿರುವ ಮರಿಯ ಪಿಟ್ಯುಟರಿ ಗ್ರಂಥಿಯನ್ನು ನಾಶಪಡಿಸಿದರೆ ತಾಯಿಕುರಿ ದಿನ ಮೀರಿದರೂ ಈಯುತ್ತಿರಲಿಲ್ಲ. ಮರಿಗೆ ಕಾರ್ಟಿಸಾಲ್ ಹಾರ್ಮೋನು ಕೊಟ್ಟರೆ ದಿನ ತುಂಬುವ ಮೊದಲೇ ಈದುಬಿಡುತ್ತಿತ್ತು! ಮುಹೂರ್ತ ಇಡುತ್ತಿದ್ದುದು ತಾಯಿಯಲ್ಲ, ಮರಿ. ಬೆರಗು ಇನ್ನೂ ಮುಗಿದಿರಲಿಲ್ಲ. ಹಾಗೆ ಬೇಗ ಹುಟ್ಟಿ, ಉಸಿರಾಡಲಾರದೆ ಸಾಯಬೇಕಿದ್ದ ಮರಿಯೊಂದು ಉಸಿರಾಡುತ್ತಿತ್ತು. ಹೊರಡು ಎಂದ ಅದೇ ಹಾರ್ಮೋನು ಅದರ ಶ್ವಾಸಕೋಶವನ್ನೂ ಬಲಿಸಿತ್ತು! ಲಿಗ್ಗಿನ್ಸ್ ತಮ್ಮ ಸಹೋದ್ಯೋಗಿ, ಮಕ್ಕಳ ವೈದ್ಯ ರಾಸ್ ಹೋವಿ ಜೊತೆ ಸೇರಿ, ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯದಲ್ಲಿದ್ದ 282 ತಾಯಂದಿರಲ್ಲಿ ಕಾರ್ಟಿಸಾಲ್ ಬಗೆಯ ಸ್ಟೀರಾಯ್ಡ್ ಚುಚ್ಚುಮದ್ದನ್ನು ಪರೀಕ್ಷಿಸಿದರು. ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ಇಂದು ಅಂಥ ತಾಯಿಗೆ ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಆ ಕುರಿಮರಿಯ ಋಣ.

ಮನುಷ್ಯರಲ್ಲಿ ಬೇನೆ ತರುವ ಈ ಸೂಚನೆಗಳ ಸರಪಳಿ ಕುರಿಯದಕ್ಕಿಂತ ಜಟಿಲ. ಆದರೂ ಶ್ವಾಸಕೋಶದ ಕಥೆ ಬಲು ರೋಚಕ. ಅದರ ಸೂಕ್ಷ್ಮ ಗಾಳಿಗೂಡುಗಳ ಒಳಗೋಡೆಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳದಂತೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನ ಲೇಪ ಕಾಯುತ್ತದೆ. ಅದು ಸಾಕಷ್ಟು ತಯಾರಾಗುವುದು ಸುಮಾರು 35ನೇ ವಾರದ ಹೊತ್ತಿಗೆ. 2004ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಕ್ಯಾರೊಲ್ ಮೆಂಡೆಲ್ಸನ್ ತಂಡ ಇಲಿಗಳಲ್ಲಿ ಕಂಡದ್ದೇನು ಗೊತ್ತೇ? ಈ ಲೇಪದಲ್ಲಿರುವ ಒಂದು ಪ್ರೋಟೀನು ಗರ್ಭದ ನೀರಿಗೆ ಸೇರಿ, ಹೆರಿಗೆ ಆರಂಭವಾಗಲೆಂದು ಗರ್ಭಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಉಸಿರಾಡಲು ಸಿದ್ಧನಿದ್ದೇನೆ ಎಂದು ಶ್ವಾಸಕೋಶವೇ ಹೇಳಿ ಕಳುಹಿಸುತ್ತದೆ!

ಇತ್ತ ತಾಯಿಯ ಗರ್ಭಕೋಶವಾದರೂ ಸುಮ್ಮನಿದೆಯೇ? ಬಸಿರಿಗೆ ಮುಂಚೆ ನೂರು ಗ್ರಾಂ ಕೂಡ ತೂಗದಿದ್ದ ಅದು ಈಗ ಒಂದು ಕಿಲೋ ದಾಟಿದೆ. ತಿಂಗಳುಗಟ್ಟಲೆ ಅದರ ಸ್ನಾಯುಕೋಶಗಳು ಒಂದರ ಮಾತು ಒಂದಕ್ಕೆ ಕೇಳಿಸದಂತೆ ಇದ್ದವು. ಕೊನೆಗೆ ಅವುಗಳ ನಡುವೆ ವಿದ್ಯುತ್ ಸಂಕೇತ ದಾಟುವ ಕಿರುದ್ವಾರಗಳು ದಂಡಿಯಾಗಿ ಏಳುತ್ತವೆ. ಜಾತ್ರೆಯ ತೇರಿನ ಹಗ್ಗಕ್ಕೆ ಸಾವಿರ ಕೈ ಒಂದೇ ಕೂಗಿಗೆ ಬೀಳುವಂತೆ, ಇಡೀ ಗರ್ಭಕೋಶ ಒಟ್ಟಿಗೆ ಬಿಗಿಯಬಲ್ಲದು. ಆಕ್ಸಿಟೋಸಿನ್ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕಗಳೂ ಅಲ್ಲಿ ಹೆಚ್ಚುತ್ತವೆ. ಮಗುವನ್ನು ಇಷ್ಟು ದಿನ ತಡೆಹಿಡಿದ ಗರ್ಭಕೋಶದ ಬಾಯಿ, ಅದೇ ಗಟ್ಟಿ ಬಾಯಿ, ಒಳಗಿನ ಕೊಲಾಜೆನ್ ಸಡಿಲಗೊಂಡು ಮೆತ್ತಗಾಗುತ್ತದೆ. ನಮ್ಮಲ್ಲಿ ಸುಳ್ಳು ಬೇನೆ ಎಂದು ತಳ್ಳಿಹಾಕುವ ಬಿಗಿತವನ್ನು ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲೇ ದಾಖಲಿಸಿದ್ದರು. ಅದನ್ನು ಸುಳ್ಳು ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಇಷ್ಟರ ನಡುವೆ ತಾಯಿಯ ರೋಗನಿರೋಧಕ ಪ್ರತಿಕಾಯಗಳು ಮಾಸು ದಾಟಿ ಮಗುವಿಗೆ ಹರಿಯುತ್ತವೆ, ಅದೂ ಹೆಚ್ಚಾಗಿ ಈ ಕೊನೆಯ ವಾರಗಳಲ್ಲೇ. ಹುಟ್ಟುವ ಹೊತ್ತಿಗೆ ಐಜಿಜಿ ಎಂಬ ಪ್ರತಿಕಾಯ ಮಗುವಿನ ರಕ್ತದಲ್ಲಿ ತಾಯಿಯಲ್ಲಿರುವುದಕ್ಕಿಂತಲೂ ಹೆಚ್ಚಿರಬಹುದು! ಮಿದುಳಂತೂ, 35 ವಾರಕ್ಕೆ ಅದರ ತೂಕ 40 ವಾರದ ತೂಕದ ಮೂರರಲ್ಲಿ ಎರಡು ಪಾಲು ಮಾತ್ರ.

ಆದ್ದರಿಂದಲೇ, ನಕ್ಷತ್ರ ನೋಡಿ ಸಿಸೇರಿಯನ್‌ಗೆ ದಿನ ಗೊತ್ತು ಮಾಡುವವರನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ. ವೈದ್ಯಕೀಯ ಕಾರಣವಿಲ್ಲದೆ 39 ವಾರ ತುಂಬುವ ಮೊದಲು ಹೆರಿಗೆ ಮಾಡಿಸಬಾರದೆಂದು ತಜ್ಞರು ಹೇಳುವುದು ಸುಮ್ಮನೆ ಅಲ್ಲ. ಕಾರಣವಿದ್ದಾಗ ಮಾತು ಬೇರೆ. ಆಗ ವೈದ್ಯರ ತೀರ್ಮಾನವೇ ಮಗುವನ್ನು ಉಳಿಸುತ್ತದೆ.

ಹೊರಗಿನ ತಯಾರಿ ನಮ್ಮ ಪಾಲಿನದು. ತಾಯಿ ಕಾರ್ಡ್, ಸ್ಕ್ಯಾನ್ ವರದಿ, ಮೆತ್ತನೆಯ ಹಳೆಯ ಹತ್ತಿ ಬಟ್ಟೆ ಒಂದೇ ಚೀಲದಲ್ಲಿರಲಿ. ರಾತ್ರಿ ಜೊತೆಗೆ ಬರುವವರು ಯಾರೆಂದು ಮೊದಲೇ ಗೊತ್ತಿರಲಿ. ರಕ್ತ ಕಂಡರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.