ಬೋಟ್ ಕೆಡೋದು ನೀರಲ್ಲಲ್ಲ, ನಿಲ್ಲಿಸಿಟ್ಟ ಶೆಡ್‌ನಲ್ಲಿ

ಮಳೆ ಬಿಟ್ಟು ಲಿಂಗನಮಕ್ಕಿ ಹಿನ್ನೀರು ತುಂಬಿ ನಿಂತಿತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಮೆಸೇಜು ಶುರು. “ಅಣ್ಣ, ಸೆಕೆಂಡ್ ಹ್ಯಾಂಡ್ ಬೋಟ್ ಒಂದು ಎಂಜಿನ್ ಸಮೇತ ಸಿಗ್ತಾ ಇದೆ, ತಗೊಳ್ಳಲಾ?” ಕೇಳೋರೆಲ್ಲ ತೋಟ ಗದ್ದೆ ಮಾಡೋ ಹುಡುಗರು. ಭಾನುವಾರ ಗಾಳ ಹಾಕೋಕೆ, ನೆಂಟರು ಬಂದಾಗ ಒಂದು ಸುತ್ತು ಹೊಡೆಸೋಕೆ, ಆಚೆ ದಡದ ಜಮೀನಿಗೆ ಹೋಗಿ ಬರೋಕೆ ಅಂತ ಆಸೆ. ನನ್ನ ಹತ್ರ 14 ಅಡಿಯ ಫೈಬರ್ ಬೋಟ್, 9.9 ಎಚ್‌ಪಿ ಎರಡು ಸ್ಟ್ರೋಕಿನ ಔಟ್‌ಬೋರ್ಡ್ ಎಂಜಿನ್ ಇದೆ. ಸಾಗರ ಕಡೆಯ ಈ ಹಿನ್ನೀರಲ್ಲಿ ಸಂಸಾರಕ್ಕೆ ಅದು ಧಾರಾಳ.

ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ಬೋಟ್ ನೀರಲ್ಲಿ ಓಡಿ ಹಾಳಾಗೋದು ಕಡಿಮೆ. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತಾಗ ಕೆಡುತ್ತೆ, ಆ ಕೆಟ್ಟಿದ್ದು ಗೊತ್ತಾಗೋದು ಮಾತ್ರ ದಡದಿಂದ ಒಂದು ಕಿಲೋಮೀಟರ್ ದೂರದಲ್ಲಿ, ಹೆಂಡತಿ ಮಕ್ಕಳು ಕೂತಿರುವಾಗ.

ಕೊಳ್ಳುವ ಮೊದಲು ಎಂಜಿನ್ ಹೊಳಪು ನೋಡಬೇಡಿ. ಬೋಟಿನ ಹಿಂಭಾಗದ ಹಲಗೆ, ಎಂಜಿನ್ ಕಚ್ಚಿಸೋ ಜಾಗ ಇದೆಯಲ್ಲ, ಅದನ್ನ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಫೈಬರ್ ಒಳಗೆ ಪ್ಲೈವುಡ್ ಇರುತ್ತೆ. ಟಣ್ ಅಂದ್ರೆ ಗಟ್ಟಿ, ಬೊದ್ ಅಂದ್ರೆ ಒಳಗೆ ನೀರು ಕುಡಿದು ಕೊಳೆತಿದೆ. ಎಂಜಿನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಇನ್ನೊಂದು, ಎಂಜಿನ್ನಿನ ಕಾಲಿನ ಉದ್ದ ಅಳೀರಿ. ಗಿಡ್ಡ ಕಾಲು 15 ಇಂಚಿನ ಹಲಗೆಗೆ, ಉದ್ದ ಕಾಲು 20 ಇಂಚಿನ ಹಲಗೆಗೆ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಗಡು ಬೋಟಿನ ತಳದ ಮಟ್ಟಕ್ಕೆ ಬರಬೇಕು. ಈ ಅಳತೆ ತಪ್ಪಿದ್ರೆ ಎಷ್ಟು ಕಡಿಮೆ ರೇಟಿಗೆ ಸಿಕ್ಕಿದ್ರೂ ಪ್ರಯೋಜನ ಇಲ್ಲ.

ಕರಾವಳಿಯಿಂದ ಬಂದ ಎಂಜಿನ್ ಆದ್ರೆ ಇನ್ನೂ ಹುಷಾರು. ಅಲ್ಲಿ ಮೀನುಗಾರರು ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸೋ ಎಂಜಿನ್ ಬಳಸ್ತಾರೆ. ಅದು ಬೇರೆ ಥರದ ಎಂಜಿನ್, ನಮ್ಮ ಶೋಕಿಗೆ ಆಗಿಬರಲ್ಲ. ಉಪ್ಪುನೀರು ಒಳಗಿನ ನೀರಿನ ದಾರಿಯನ್ನ ತಿಂದಿರುತ್ತೆ. ಗೇರ್ ಆಯಿಲ್‌ನ ಕೆಳಗಿನ ಸ್ಕ್ರೂ ಬಿಚ್ಚಿಸಿ ನಾಲ್ಕು ಹನಿ ಕೈಗೆ ಹಾಕ್ಕೊಳ್ಳಿ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ರೆ ನೀರು ಸೇರಿದೆ, ಸೀಲ್ ಹೋಗಿದೆ. ಎಷ್ಟೋ ಸಲ ಗಾಳದ ನೈಲಾನ್ ದಾರ ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಆ ಸೀಲ್ ಕೊಯ್ದಿರುತ್ತೆ. ಹಾಗಾಗಿ ಆಗಾಗ ಪ್ರೊಪೆಲ್ಲರ್ ಬಿಚ್ಚಿ ದಾರ ಇದೆಯಾ ನೋಡೋ ಅಭ್ಯಾಸ ಒಳ್ಳೇದು.

ನೀರಿನ ಎಳೆ ಮೇಲೆ ಕಣ್ಣಿರಲಿ

ಬೋರ್ಡೋ ಹೊಡೆಯೋ ಪಂಪು, ಕಳೆ ಕೊಚ್ಚೋ ಮಷೀನು ಬಳಸಿದವರಿಗೆ ಎರಡು ಸ್ಟ್ರೋಕಿನ ಎಂಜಿನ್ ಹೊಸದಲ್ಲ. ಆದ್ರೆ ಅವು ಗಾಳಿಯಲ್ಲಿ ತಣ್ಣಗಾಗ್ತವೆ, ಬೋಟಿನ ಎಂಜಿನ್ ನೀರಲ್ಲಿ ತಣ್ಣಗಾಗುತ್ತೆ. ಕೆಳಗಡೆ ರಬ್ಬರಿನ ಒಂದು ಪುಟ್ಟ ಇಂಪೆಲ್ಲರ್ ತಿರುಗಿ ನೀರನ್ನ ಮೇಲಕ್ಕೆ ತಳ್ಳುತ್ತೆ. ಅದರ ಗುರುತಾಗಿ ಎಂಜಿನ್ ಹಿಂದೆ ಸಣ್ಣ ಎಳೆಯಾಗಿ ನೀರು ಚಿಮ್ಮಬೇಕು. ಸ್ಟಾರ್ಟ್ ಆದ ತಕ್ಷಣ ನಾನು ಮೊದಲು ನೋಡೋದು ಅದನ್ನೇ. ಎಳೆ ಬರ್ತಿಲ್ಲ ಅಂದ್ರೆ ಆಫ್ ಮಾಡಿ, ತೆಳ್ಳನೆ ತಂತಿಯಿಂದ ತೂತು ಚೊಕ್ಕ ಮಾಡಿ, ಆಗಲೂ ಬರದಿದ್ರೆ ಇಂಪೆಲ್ಲರ್ ಬದಲಿಸದೆ ಓಡಿಸಲೇಬೇಡಿ.

ಈ ರಬ್ಬರು ನಿಂತಷ್ಟೂ ಒಂದೇ ಕಡೆ ಬಾಗಿ ಸೆಟೆದುಕೊಳ್ಳುತ್ತೆ. ಕಡಿಮೆ ಓಡಿಸಿದೀನಿ, ಹೊಸದರ ಥರ ಇದೆ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಎರಡು ವರ್ಷಕ್ಕೊಮ್ಮೆ ಹೊಸದು ಹಾಕಿ. ನಮ್ಮೂರಲ್ಲಿ ಒಬ್ಬ ಹುಡುಗ ಗಿರಾಕಿಗೆ ತೋರಿಸೋಕೆ ಅಂತ ಅಂಗಳದಲ್ಲೇ, ನೀರಿಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿ ಎಕ್ಸಲೇಟರ್ ಕೊಟ್ಟ. ಇಂಪೆಲ್ಲರ್ ಚೂರು ಚೂರಾಯ್ತು. ಅಂಗಳದಲ್ಲಿ ಓಡಿಸಲೇಬೇಕಾದ್ರೆ ನೀರಿನ ಡ್ರಮ್ಮಿನಲ್ಲಿ ಕಾಲು ಮುಳುಗಿಸಿ ಓಡಿಸಿ, ಗೇರ್ ಹಾಕಬೇಡಿ.

ಈಗಿನ ಪೆಟ್ರೋಲಿನ ವಿಷಯ

ಬಂಕಿನಲ್ಲಿ ಈಗ ಸಿಗೋದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಹೆಚ್ಚಿನ ಔಟ್‌ಬೋರ್ಡ್ ಕಂಪನಿಗಳು ಮ್ಯಾನುವಲ್‌ನಲ್ಲಿ ಶೇ. 10ರ ಮಿತಿ ಹೇಳಿರ್ತವೆ. ಎಥೆನಾಲ್ ಗಾಳಿಯ ತೇವ ಹೀರುತ್ತೆ, ನೀರು ಜಾಸ್ತಿಯಾದ್ರೆ ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತೆ. ಪೈಪಿಗೆ ಮೊದಲು ಹೋಗೋದು ಅದೇ. ಮಲೆನಾಡಿನ ಥಂಡಿಯಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟು ಮರೆತರೆ ಇನ್ನೂ ಬೇಗ. ಹಳೇ ಎಂಜಿನ್ನಿನ ರಬ್ಬರ್ ಪೈಪು, ಕೈಯಲ್ಲಿ ಒತ್ತೋ ಬಲ್ಬು ಕೂಡ ಮೆತ್ತಗಾಗ್ತವೆ. ಅವನ್ನ ಮೊದಲೇ ಬದಲಿಸಿ, ನೀರು ತಡೆಯೋ ಫಿಲ್ಟರ್ ಒಂದು ಹಾಕಿಸಿ.

ಆ ದಿನಕ್ಕೆ ಬೇಕಾದಷ್ಟು ಮಾತ್ರ ಆಯಿಲ್ ಬೆರೆಸಿ. ಆಯಿಲ್ ಹಾಕದ ಪೆಟ್ರೋಲ್ ಉಳಿದ್ರೆ ಬೈಕಿಗಾದ್ರೂ ಆಗುತ್ತೆ. 50ಕ್ಕೆ 1 ಅಂತ ಮ್ಯಾನುವಲ್‌ನಲ್ಲಿದ್ರೆ ಲೀಟರಿಗೆ 20 ಎಂಎಲ್. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಇರಬೇಕು, ಅದು ನೀರಲ್ಲಿ ತಣ್ಣಗಾಗೋ ಎಂಜಿನ್ನಿನ ಆಯಿಲ್. ಕಳೆ ಮಷೀನಿನ 2ಟಿ ಆಯಿಲ್ ಇದಕ್ಕೆ ಬೇಡ, ಇದನ್ನ ಅದಕ್ಕೂ ಬೇಡ. ಪೆಟ್ರೋಲ್ ತುಂಬಿಸೋದು ಟ್ಯಾಂಕನ್ನ ದಡದಲ್ಲಿ ಇಳಿಸಿಟ್ಟು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲೇ ನಿಲ್ಲುತ್ತೆ. ಆಮೇಲೆ ಒಂದು ಕಿಡಿ ಸಾಕು.

ನಡುನೀರಲ್ಲಿ ಎಂಜಿನ್ ನಿಂತ್ರೆ ಗಾಬರಿಯಾಗಿ ಹಗ್ಗ ಎಳೆದು ಎಳೆದು ಸುಸ್ತಾಗೋರೇ ಜಾಸ್ತಿ. ಮೊದಲು ಲಂಗರು ಬಿಡಿ, ಗಾಳಿ ನಿಮ್ಮನ್ನ ಎಲ್ಲಿಗೋ ಒಯ್ಯದಿರಲಿ. ಆಮೇಲೆ ಕೆಂಪು ಕಿಲ್ ಸ್ವಿಚ್ಚಿನ ಕ್ಲಿಪ್ ಕಳಚಿದೆಯಾ ನೋಡಿ. ಹತ್ತು ನಿಮಿಷ ಚೆನ್ನಾಗಿ ಓಡಿ ಸುಮ್ಮನಾಗಿದ್ರೆ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿಲ್ಲ ಅಂತಲೇ ಲೆಕ್ಕ. ಬಲ್ಬು ಒತ್ತಿದಾಗ ಗಟ್ಟಿಯಾಗ್ತಿಲ್ಲ ಅಂದ್ರೆ ಪೈಪು ಎಲ್ಲೋ ಗಾಳಿ ಎಳೀತಿದೆ. ಇವೆಲ್ಲ ಸರಿ ಇದ್ದ ಮೇಲೇ ಪ್ಲಗ್ಗಿಗೆ ಕೈ ಹಾಕಿ. ಇನ್ನು ಎಂಜಿನ್ ಭರ್ ಅಂತ ಓಡ್ತಿದೆ, ಬೋಟ್ ಮಾತ್ರ ಅಲ್ಲಾಡ್ತಿಲ್ಲ ಅಂದ್ರೆ ಪ್ರೊಪೆಲ್ಲರಿನ ಪಿನ್ ತುಂಡಾಗಿದೆ. ನೀರು ಇಳಿದಾಗ ನಮ್ಮಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ಒಂದಡಿ ಕೆಳಗೇ ಇರ್ತವೆ, ಮೇಲಿಂದ ಕಾಣಲ್ಲ. ಆ ಪಿನ್ ಇರೋದೇ ತಾನು ಮುರಿದು ಗೇರ್ ಉಳಿಸೋಕೆ. ಹಾಗಾಗಿ ಅದರ ಬದಲು ಕಬ್ಬಿಣದ ಮೊಳೆ ಹೊಡೆಯೋ ಜಾಣತನ ಬೇಡ. ಎರಡು ಪಿನ್, ಕಟಿಂಗ್ ಪ್ಲೇಯರ್, ಪ್ಲಗ್ ಪಾನಾ, ಒಂದು ಜೊತೆ ಹುಟ್ಟು ಬೋಟಲ್ಲೇ ಇರಲಿ.

ಎಳ್ಕೊಂಡು ಹೋಗೋದು

ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಒಯ್ಯೋದಾದ್ರೆ ಎಂಜಿನ್ ಬಿಚ್ಚಿ ಬೇರೆ ಇಡಿ, ಬೋಟಿನ ತಳಕ್ಕೆ ಹುಲ್ಲು ತುಂಬಿದ ಗೋಣಿಚೀಲ ಕೊಡಿ. ಟ್ರಾಲಿಯ ಕಬ್ಬಿಣದ ಅಂಚು ಹತ್ತು ಕಿಲೋಮೀಟರಿನ ಗುಂಡಿ ರಸ್ತೆಯಲ್ಲಿ ಫೈಬರ್ ಸೀಳಿಬಿಡುತ್ತೆ.

ವೆಲ್ಡಿಂಗ್ ಶಾಪಲ್ಲಿ ಬೇರೆ ಟ್ರೇಲರ್ ಮಾಡಿಸೋರು ತೂಕದ ಲೆಕ್ಕ ಹೇಳಿ ಮಾಡಿಸಿ. ಬೋಟಿನ ಭಾರವೆಲ್ಲ ಹಿಂದಿನ ಎಂಜಿನ್ ಕಡೆಗಿರುತ್ತೆ. ಒಟ್ಟು 300 ಕೆಜಿ ಇದ್ರೆ ಕೊಕ್ಕೆಯ ಮೇಲೆ 20ರಿಂದ 30 ಕೆಜಿ ಕೂರಬೇಕು. ಅಡಿಕೆ ತೂಗೋ ತಕ್ಕಡಿ ಮೇಲೇ ಕೊಕ್ಕೆ ಇಟ್ಟು ನೋಡಬಹುದು. ಅದಕ್ಕಿಂತ ಹಗುರ ಆದ್ರೆ ಇಳಿಜಾರಲ್ಲಿ ಟ್ರೇಲರ್ ಬಾಲ ಆಡಿಸೋಕೆ ಶುರು ಮಾಡುತ್ತೆ, ಆಮೇಲೆ ಸ್ಟಿಯರಿಂಗ್ ನಿಮ್ಮ ಮಾತು ಕೇಳಲ್ಲ. ಅಚ್ಚನ್ನ ಹಿಂದಕ್ಕೆ ಸರಿಸಿ, ಇಲ್ಲವೇ ಬೋಟನ್ನ ಮುಂದಕ್ಕೆ ತನ್ನಿ.

ಟ್ರೇಲರಿನ ಬೇರಿಂಗ್ ಸಾಯೋದು ನೀರಿಗಿಳಿಸುವಾಗ. ಓಡಿ ಬಂದ ಬಿಸಿ ಹಬ್ಬನ್ನ ತಣ್ಣೀರಿಗೆ ಮುಳುಗಿಸಿದ್ರೆ ಅದು ಸೀಲ್ ಸಂದಿಯಿಂದ ನೀರು ಎಳ್ಕೊಳ್ಳುತ್ತೆ. ದಡದಲ್ಲಿ ನಿಂತು ಚಹಾ ಕುಡಿದು, ಹಬ್ಬು ಮುಟ್ಟಿ ನೋಡಿ, ತಣ್ಣಗಾದ ಮೇಲೆ ಇಳಿಸಿ. ಸೀಸನ್ ಮುಗಿದ ಮೇಲೆ ಬಿಚ್ಚಿ ಹೊಸ ಗ್ರೀಸ್ ತುಂಬಿ. ಅಂದ ಹಾಗೆ ರಿವರ್ಸ್ ತೆಗೆಯೋದು ಟ್ರಾಲಿ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ, ಸಿಟಿಯವರಿಗಿಂತ ನೀವೇ ವಾಸಿ. ಅಕ್ಟೋಬರಿನಲ್ಲಿ ಇಳಿಸಿದ ಜಾಗ ಏಪ್ರಿಲಿಗೆ ಕೆಸರಿನ ಮೈದಾನ ಆಗಿರುತ್ತೆ ಅನ್ನೋದು ನೆನಪಿರಲಿ. ಆಗ ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲೇ ನಿಲ್ಲಿಸಿ, ಟ್ರೇಲರ್ ಮಾತ್ರ ಉದ್ದ ಸರಪಳಿಯಲ್ಲಿ ಇಳಿಬಿಡಿ. ಬೋಟಿನ ತಳದ ಬಿರಡೆ ಹಾಕಿದ್ದೀರಾ ಅಂತ ಇಳಿಸೋ ಮೊದಲೇ ನೋಡಿ.

ಕಾಗದಪತ್ರ ಬಿಡೋ ಹಾಗಿಲ್ಲ. ಎಂಜಿನ್ ಇರೋ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ನೋಂದಣಿ, ಸರ್ವೆ ಸರ್ಟಿಫಿಕೇಟ್ ಬೇಕು. ರಸ್ತೆಗಿಳಿಯೋ ಟ್ರೇಲರಿಗೆ ಆರ್‌ಟಿಓ ನೋಂದಣಿ ಬೇಕು. ಶರಾವತಿ ಹಿನ್ನೀರಿನ ಕೆಲವು ಭಾಗ ಅಭಯಾರಣ್ಯಕ್ಕೆ ಸೇರಿದೆ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಲೈಫ್ ಜಾಕೆಟ್ ಎಲ್ಲರಿಗೂ, ಈಜು ಬರೋರಿಗೂ. ಸೀಟಿನ ಕೆಳಗೆ ಇಡೋಕಲ್ಲ, ಮೈಮೇಲೆ ಹಾಕ್ಕೊಳ್ಳೋಕೆ.

ಮೇ ಕೊನೆಗೆ, ಮಳೆ ಹಿಡಿಯೋ ಮೊದಲು, ನಾನು ಬೋಟ್ ಮೇಲೆತ್ತಿ ಬಿರಡೆ ತೆಗೆದು ಮಗುಚಿ ಹಾಕ್ತೀನಿ. ಡ್ರಮ್ಮಿನಲ್ಲಿ ಎಂಜಿನ್ ಓಡಿಸ್ತಾ ಪೆಟ್ರೋಲ್ ಪೈಪ್ ಕಳಚಿ, ಕಾರ್ಬೋರೇಟರ್ ಒಣಗಿ ತಾನಾಗೇ ನಿಲ್ಲೋ ತನಕ ಬಿಡ್ತೀನಿ. ಗೇರ್ ಆಯಿಲ್ ಬದಲಿಸೋದೂ ಆಗಲೇ. ಹೊಸ ಆಯಿಲನ್ನ ಮೇಲಿನ ಸ್ಕ್ರೂ ತೆಗೆದಿಟ್ಟು ಕೆಳಗಿನ ತೂತಿಂದ ಮೇಲಕ್ಕೆ ತುಂಬಬೇಕು, ಮೇಲಿನ ತೂತಲ್ಲಿ ಬರೋ ತನಕ. ಪ್ಲಗ್ ಬಿಚ್ಚಿ ಎರಡು ಚಮಚ ಆಯಿಲ್ ಬಿಟ್ಟು, ನಿಧಾನಕ್ಕೆ ನಾಲ್ಕು ಸಲ ಹಗ್ಗ ಎಳೆದು, ಪ್ಲಗ್ ಹಾಕಿ, ಎಂಜಿನನ್ನ ನೆಟ್ಟಗೆ ಸ್ಟ್ಯಾಂಡಿಗೆ ಕಟ್ಟಿ ನಿಲ್ಲಿಸ್ತೀನಿ. ಇಲಿ ವೈರ್ ಕಡಿಯದ ಹಾಗೆ ಮೇಲಿನ ಮುಚ್ಚಳ ಸರಿಯಾಗಿ ಕೂರಿಸಿ.