ಮತ್ತೆ ಹೆಜ್ಜೆ ಇಡುವುದು ಹೇಗೆ? – ನಡಿಗೆಯ ವಿಜ್ಞಾನ

ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಡೆದು ಬರುವುದನ್ನು ನಾವು ಶಿಕ್ಷಕರು ನೋಡುತ್ತೇವೆ. ಯಾರೂ ತಮ್ಮ ನಡಿಗೆಯ ಬಗ್ಗೆ ಯೋಚಿಸುವುದಿಲ್ಲ. ನಾವೂ ಯೋಚಿಸಿರಲಿಲ್ಲ. ಕಳೆದ ವರ್ಷ ನಮ್ಮ ಸಹೋದ್ಯೋಗಿಯೊಬ್ಬರು ಮನೆಯ ಮೆಟ್ಟಿಲಲ್ಲಿ ಎಡವಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ತೆಗೆದಾಗ ಮೂಳೆ ಚೆನ್ನಾಗಿ ಕೂಡಿತ್ತು, ಆದರೆ ಅವರಿಗೆ ನಡೆಯಲು ಆಗುತ್ತಿರಲಿಲ್ಲ. ಬಳಸದ ಸ್ನಾಯುಗಳು ಸೊರಗಿದ್ದವು, ಕೀಲು ಬಿಗಿದಿತ್ತು, ಮನಸ್ಸಿನಲ್ಲಿ ಭಯವಿತ್ತು. ಫಿಸಿಯೋಥೆರಪಿಸ್ಟ್ ಅವರಿಗೆ ಮಗುವಿಗೆ ಕಲಿಸುವಂತೆ ಹೆಜ್ಜೆ ಕಲಿಸಿದರು. ಅಂದಿನಿಂದ ಈ ವಿಷಯದಲ್ಲಿ ನಮಗೆ ಕುತೂಹಲ ಹುಟ್ಟಿತು.

ಮನುಷ್ಯನ ಚಲನೆಯನ್ನು ಅಳೆದು, ಲೆಕ್ಕ ಹಾಕಿ ತಿಳಿಯುವ ಶಾಸ್ತ್ರ ಹೊಸದೇನಲ್ಲ. ನಮ್ಮ ಮೂಳೆಗಳು ಸನ್ನೆಗೋಲುಗಳಂತೆ ಕೆಲಸ ಮಾಡುತ್ತವೆ ಎಂಬುದನ್ನು ಇಟಲಿಯ ಬೊರೆಲ್ಲಿ ಎಂಬ ವಿಜ್ಞಾನಿ 17ನೆಯ ಶತಮಾನದಲ್ಲೇ ವಿವರಿಸಿದ್ದರು.

ಒಂದು ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗೆ ಒಂದು ಸುತ್ತು. ದೊಡ್ಡವರು ಸಾಮಾನ್ಯವಾಗಿ ನಡೆಯುವಾಗ ಇದಕ್ಕೆ ಸುಮಾರು 1 ಸೆಕೆಂಡ್ ಹಿಡಿಯುತ್ತದೆ. ಇದರಲ್ಲಿ ಸುಮಾರು ಶೇ. 60 ಭಾಗ ಆ ಕಾಲು ನೆಲದ ಮೇಲೆ ಊರಿರುತ್ತದೆ, ಉಳಿದ ಶೇ. 40 ಭಾಗ ಗಾಳಿಯಲ್ಲಿ ಮುಂದಕ್ಕೆ ಬೀಸುತ್ತದೆ. ಅಂದರೆ ನಡೆಯುವವನು ಪ್ರತಿ ಹೆಜ್ಜೆಗೂ ಸ್ವಲ್ಪ ಹೊತ್ತು ಒಂಟಿ ಕಾಲಿನ ಮೇಲೆ ನಿಲ್ಲಲೇಬೇಕು. ನೋವು ಅಥವಾ ಭಯ ಇದ್ದವರು ಆ ಕಾಲಿನ ಮೇಲೆ ನಿಲ್ಲುವ ಹೊತ್ತನ್ನು ಕಡಿಮೆ ಮಾಡಿ ಇನ್ನೊಂದನ್ನು ಬೇಗ ಊರುತ್ತಾರೆ. ನಾವು ಕುಂಟು ಎನ್ನುವುದು ಹೆಚ್ಚಾಗಿ ಇದನ್ನೇ. ಆದ್ದರಿಂದಲೇ ಚಿಕಿತ್ಸೆಯಲ್ಲಿ ಎರಡು ಕಂಬಿಗಳ ನಡುವೆ ನಿಲ್ಲಿಸಿ, ಕನ್ನಡಿಯ ಮುಂದೆ, ದುರ್ಬಲ ಕಾಲಿನ ಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ ಹಾಕಲು ಅಭ್ಯಾಸ ಮಾಡಿಸುತ್ತಾರೆ.

ಒಂದು ಪ್ರಶ್ನೆ: ಬಲಗಾಲು ನೋಯುತ್ತಿದ್ದರೆ ಊರುಗೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಬಹಳ ಮಂದಿ ಬಲಗೈ ಎನ್ನುತ್ತಾರೆ. ಸರಿಯಾದ ಉತ್ತರ ಎಡಗೈ! ಬಲಗಾಲಿನ ಮೇಲೆ ನಿಂತಾಗ ಸೊಂಟ ಎಡಕ್ಕೆ ವಾಲದಂತೆ ಬಲ ಸೊಂಟದ ಪಕ್ಕದ ಸ್ನಾಯುಗಳು ಬಿಗಿಯಾಗಿ ಎಳೆದು ಹಿಡಿಯುತ್ತವೆ. ಎಡಗೈಯ ಕೋಲು ಆ ಎಡಬದಿಗೆ ಆಸರೆ ಕೊಟ್ಟು, ಸ್ನಾಯುಗಳ ಶ್ರಮವನ್ನೂ ಕೀಲಿನ ಮೇಲಿನ ಒತ್ತಡವನ್ನೂ ಕಡಿಮೆ ಮಾಡುತ್ತದೆ.

ಕಾಲನ್ನೇ ಕಳೆದುಕೊಂಡವರ ಪಾಡೇನು? ಇಲ್ಲಿ ನಮ್ಮ ದೇಶದ ಹೆಮ್ಮೆಯ ಕಥೆಯೊಂದಿದೆ. ಹಿಂದೆ ದೊರೆಯುತ್ತಿದ್ದ ವಿದೇಶಿ ಮಾದರಿಯ ಕೃತಕ ಪಾದಗಳು ಬೂಟಿನೊಳಗೆ ಇಡಲು ಮಾಡಿದವು, ಹಿಮ್ಮಡಿ ಗಂಟು ಮಡಿಸದವು. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕುಳಿತು ಉಣ್ಣುವ, ಕುಕ್ಕರುಗಾಲಲ್ಲಿ ಕೂರುವ, ಕೆಸರು ಗದ್ದೆಗೆ ಇಳಿಯುವ ನಮ್ಮ ಜನರಿಗೆ ಅವು ಒಗ್ಗಲಿಲ್ಲ. ಎಷ್ಟೋ ಜನ ಅವನ್ನು ಮೂಲೆಗಿಟ್ಟು ಊರುಗೋಲನ್ನೇ ಹಿಡಿದರು. ಜೈಪುರದ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ತಜ್ಞರಾದ ಡಾ. ಪಿ. ಕೆ. ಸೇಠಿ ಹಾಗೂ ಕುಶಲಕರ್ಮಿ ರಾಮಚಂದ್ರ ಶರ್ಮ ಅವರು 1960ರ ದಶಕದ ಕೊನೆಯಲ್ಲಿ ರಬ್ಬರ್ ಮತ್ತು ಮರ ಬಳಸಿ ಎಲ್ಲ ದಿಕ್ಕಿಗೂ ಬಾಗುವ ಪಾದವನ್ನು ರೂಪಿಸಿದರು. ಇದೇ ಪ್ರಸಿದ್ಧ 'ಜೈಪುರ ಕಾಲು'. ಇದಕ್ಕೆ ಬೂಟು ಬೇಕಿಲ್ಲ, ನೀರು ತಾಗಿದರೂ ಚಿಂತೆಯಿಲ್ಲ, ನೋಡಲು ನಿಜವಾದ ಪಾದದಂತೆಯೇ ಇದೆ. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. 1975ರಲ್ಲಿ ಆರಂಭವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಈ ಕಾಲನ್ನು ಬಡವರಿಗೆ ಉಚಿತವಾಗಿ ಜೋಡಿಸುತ್ತಾ ಬಂದಿದೆ. 1981ರ ಅಪಘಾತದಲ್ಲಿ ಬಲಗಾಲು ಕಳೆದುಕೊಂಡ ನರ್ತಕಿ ಸುಧಾ ಚಂದ್ರನ್ ಜೈಪುರ ಕಾಲು ಧರಿಸಿ, ನೋವು ಸಹಿಸಿ ಅಭ್ಯಾಸ ಮಾಡಿ, 1984ರಲ್ಲಿ ಮತ್ತೆ ರಂಗವೇರಿ ಭರತನಾಟ್ಯ ಮಾಡಿದರು.

ಕಾಲು ಜೋಡಿಸಿದ ಮಾತ್ರಕ್ಕೆ ನಡಿಗೆ ಬರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹೊಸ ಪಾದದ ಮೇಲೆ ನಂಬಿಕೆ ಬರುವವರೆಗೆ ಅಭ್ಯಾಸ ನಡೆಯಬೇಕು. ಅಕ್ಷರ ಕಲಿಸುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತಿದ್ದಿ ತಿದ್ದಿ ಬರೆದ ಮೇಲೆಯೇ ಅಕ್ಷರ ಕೈಗೆ ಹತ್ತುವುದು.

ಮಕ್ಕಳೇ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿ ಊರುಗೋಲನ್ನು ಯಾವ ಕೈಯಲ್ಲಿ ಹಿಡಿದಿದ್ದಾರೆ ಎಂದು ನೋಡಿ. ಅದೇ ಬದಿಯ ಕಾಲು ನೋಯುತ್ತಿದ್ದರೆ ವೈದ್ಯರನ್ನು ಒಮ್ಮೆ ಕೇಳಲು ಹೇಳಿ. ಅವರ ಜೊತೆ ಅವರದೇ ವೇಗದಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಕುಂಟುವವರನ್ನು ಅಣಕಿಸಬೇಡಿ. ನಮ್ಮ ಸಹೋದ್ಯೋಗಿ ಈಗ ಎಂದಿನಂತೆ ಮೆಟ್ಟಿಲು ಹತ್ತಿ ತರಗತಿಗೆ ಬರುತ್ತಾರೆ. ಆ ಸದ್ದು ಕೇಳಿದಾಗ ನಮಗಾಗುವ ಸಂತೋಷ ಅಷ್ಟಿಷ್ಟಲ್ಲ.